ನಮ್ಮ ಸಿನಿಮಾದ ಅಜ್ಜ

ಮಾತು ಶುರು ಮಾಡುವ ಮುನ್ನ ಅವರು ಎಲ್ಲರಂತೆ ಗಂಟಲು ಸರಿಮಾಡಿಕೊಳ್ಳುತ್ತಿರಲಿಲ್ಲ. "ಪ್ರಯಾಣಿಕರ ಗಮನಕ್ಕೆ" ಎನ್ನುತ್ತಿದ್ದರು. ಎದುರಿಗೆ ನೂರು ಜನ ಇದ್ದರೂ ಅಷ್ಟೇ, ಒಬ್ಬನೇ ಇದ್ದರೂ ಅಷ್ಟೇ. ಹಾವೇರಿ, ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡುಗಳಲ್ಲಿ ಕಂಟ್ರೋಲರ್ ಆಗಿ ಕೂತು, ಬಂದ ಬಸ್ಸು ಹೋದ ಬಸ್ಸುಗಳ ಹೆಸರನ್ನು ಮೈಕಿನಲ್ಲಿ ಕೂಗಿ ಕೂಗಿ ನಿವೃತ್ತರಾದವರು. ನಾನು ನೋಡುವ ಹೊತ್ತಿಗೆ ಚಂದಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೊಮ್ಮಗನ ಜೊತೆ ಇದ್ದರು. ಅಲ್ಲಿ ಬಸ್ಸೂ ಇರಲಿಲ್ಲ, ಮೈಕೂ ಇರಲಿಲ್ಲ. ಪ್ರಯಾಣಿಕ ಅಂತ ಇದ್ದವನು ಮೊಮ್ಮಗನೊಬ್ಬನೇ.

"ಪ್ರಯಾಣಿಕರ ಗಮನಕ್ಕೆ. ಜಿಗಣಿಗೆ ಹೋಗತಕ್ಕವರು ಇನ್ನೂ ಹಾಸಿಗೆಯಲ್ಲೇ ಇರುತ್ತಾರೆ. ಅವರ ಉಪ್ಪಿಟ್ಟು ಅಡುಗೆಮನೆ ಕಟ್ಟೆಯ ಮೇಲೆ ಆರುತ್ತಾ ನಿಂತಿರುತ್ತದೆ."

"ಅಜ್ಜ, ಪ್ಲೀಸ್. ಪಕ್ಕದ ಮನೆಯೋರಿಗೆಲ್ಲ ಕೇಳ್ಸುತ್ತೆ."

"ಕೇಳ್ಲಿ ಬಿಡು. ಅವರೂ ಏಳ್ಲಿ."

ಮೊಮ್ಮಗ ಜಿಗಣಿಯ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದ. ಇಪ್ಪತ್ತೇಳರ ಆಸುಪಾಸಿನ, ಹೆಚ್ಚು ಮಾತಾಡದ ಹುಡುಗ. ತಾಯಿ ಅವನು ಕೂಸಾಗಿದ್ದಾಗಲೇ ತೀರಿಹೋಗಿದ್ದರು. ಅವನ ತಂದೆ, ಅಂದರೆ ಈ ಅಜ್ಜನ ಮಗ, ಇವನು ಹೈಸ್ಕೂಲಿನಲ್ಲಿದ್ದಾಗ ಎದೆನೋವಿನಿಂದ ತೀರಿಕೊಂಡರು. ಮಗನ ಕಾರ್ಯ ಮುಗಿಸಿ ಊರಿಗೆ ಮರಳಬೇಕೆಂದು ಒಂದು ಕೈಚೀಲ ಹಿಡಿದು ಬಂದ ಅಜ್ಜ ಮತ್ತೆ ಹೋಗಲೇ ಇಲ್ಲ.

ನನ್ನ ಪರಿಚಯವನ್ನೂ ಹೇಳಿಬಿಡಬೇಕು. ನಾನು ಸಿನಿಮಾದಲ್ಲಿ ಕೋ-ಡೈರೆಕ್ಟರ್. ಅಂದರೆ ಡೈರೆಕ್ಟರ್ ಕನಸು ಕಾಣುತ್ತಾರೆ, ನಾನು ಊಟ ಬಂತಾ ನೋಡುತ್ತೇನೆ. ಆಗ ನಾವು ಮಾಡುತ್ತಿದ್ದದ್ದು ಒಬ್ಬ ತಾತ ಮತ್ತು ಮೊಮ್ಮಗ ಒಂದೇ ಫ್ಲ್ಯಾಟಿನಲ್ಲಿ ಬದುಕುವ ಕಥೆ. ಟೀವಿ ರಿಮೋಟಿಗೆ ಜಗಳ, ಬಚ್ಚಲಿಗೆ ಜಗಳ, ಉಪ್ಪಿಗೆ ಜಗಳ. ಇಂಟರ್‌ವಲ್ ತನಕ ನಗು, ಆಮೇಲೆ ಕಣ್ಣೀರು, ಕೊನೆಗೆ ತಾತ ಸಾಯುತ್ತಾನೆ, ಮೊಮ್ಮಗನಿಗೆ ಬುದ್ಧಿ ಬರುತ್ತದೆ. ನಿರ್ದೇಶಕನಿಗೆ ಅದು ಮೊದಲ ಸಿನಿಮಾ. ಅದಕ್ಕೂ ಮೊದಲು ಅವನು ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ಮಾರುತ್ತಿದ್ದ. ತಾತನ ಪಾತ್ರಕ್ಕೆ ಒಪ್ಪಿದ್ದ ಹೆಸರಾಂತ ನಟರು, ಚಂದಾಪುರ ಎಷ್ಟು ದೂರ ಎಂದು ಗೊತ್ತಾದ ಮೇಲೆ ಕೈಯೆತ್ತಿಬಿಟ್ಟರು. ಖಾಲಿ ಫ್ಲ್ಯಾಟ್ ಬಾಡಿಗೆಗೆ ಹಿಡಿದಾಗಿತ್ತು, ಲೈಟು ಬಂದಾಗಿತ್ತು, ತಾತನೇ ಇರಲಿಲ್ಲ.

ಅದರ ಎದುರು ಫ್ಲ್ಯಾಟಿನಲ್ಲಿದ್ದ ಈ ಅಜ್ಜ ಕೆಳಗಿಳಿದು ಬಂದದ್ದು ಜಗಳ ಮಾಡಲು. ನಮ್ಮ ಜನರೇಟರ್ ವ್ಯಾನು ಗೇಟಿಗೆ ಅಡ್ಡ ನಿಂತಿತ್ತು. ಹಿಂದೆ ಶಾಲೆಯ ವ್ಯಾನು, ನೀರಿನ ಟ್ಯಾಂಕರು, ನಾಲ್ಕಾರು ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ನನ್ನ ಕೈಯಲ್ಲಿದ್ದ ಮೈಕನ್ನು ಅವರು ಕೇಳದೇ ಕಸಿದುಕೊಂಡರು. ಹಿಂದೆ ಬನ್ನಿ, ಎಡಕ್ಕೆ ಹೊಡೆಯಿರಿ, ಟ್ಯಾಂಕರ್ ಮುಂದಕ್ಕೆ, ಶಾಲಾ ವ್ಯಾನ್ ಹೊರಡಬಹುದು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರವಿರಲಿಲ್ಲ, ಸಂಶಯ ಮೊದಲೇ ಇರಲಿಲ್ಲ. ನಿಮಿಷದಲ್ಲಿ ದಾರಿ ತೆರವಾಯಿತು. ನಿರ್ದೇಶಕ ಬಾಯಿ ತೆರೆದುಕೊಂಡು ನಿಂತಿದ್ದ.

"ಸಾರ್, ನೀವು ಆ್ಯಕ್ಟ್ ಮಾಡ್ತೀರಾ?"

"ಏನ್ ಪಾರ್ಟು?"

"ತಾತ."

"ಅಜ್ಜ ಅಂತ ಮಾಡಿದ್ರ ಮಾಡ್ತೇನಿ. ತಾತ ಆಗಾಕ ನನಗ ಬರಂಗಿಲ್ಲ."

ಹಾಗೆ ನಮ್ಮ ತಾತ ಅಜ್ಜನಾದ. ಚಿತ್ರಕಥೆಯಲ್ಲಿ ಆ ಒಂದು ಪದ ಬದಲಾಯಿಸಿದ್ದೇ ತಪ್ಪಾಯಿತು. ಬಾಗಿಲು ತೆರೆದುಕೊಂಡಿತು, ಆಮೇಲೆ ಅವರು ಒಂದೊಂದೇ ಸಂಭಾಷಣೆಯನ್ನು ಹೊರಗೆ ಎಸೆಯತೊಡಗಿದರು. ನಿರ್ದೇಶಕ ತಾತನ ಬಾಯಲ್ಲಿ ಜೀವನ, ಸಂಬಂಧ, ಸಮಯ ಎಂದೆಲ್ಲ ಬರೆದಿದ್ದ. ಅಜ್ಜ ಹಾಳೆಯನ್ನು ಕಣ್ಣಿನಿಂದ ದೂರ ಹಿಡಿದು ಓದಿ, ಕನ್ನಡಕದ ಮೇಲಿಂದ ನೋಡಿದರು.

"ಇಷ್ಟು ಶ್ಯಾಣ್ಯಾತನದ ಮಾತು ಮನ್ಯಾಗ ಯಾರ್ ಆಡ್ತಾರ್ರೀ? ಮನ್ಯಾಗ 'ಗೀಜರ್ ಬಂದ್ ಮಾಡು' ಅಂತೇವಿ. 'ಮಜ್ಜಿಗಿ ಐತಿ, ಹಾಕ್ಕೋ' ಅಂತೇವಿ. ಅಷ್ಟರಾಗ ಎಲ್ಲಾ ಬಂತು."

ಅವರ ಮನೆಯಲ್ಲಿ ನಿಜಕ್ಕೂ ಅಷ್ಟೇ ಮಾತು. ದಿನದ ಚಿತ್ರೀಕರಣ ಮುಗಿದ ಮೇಲೆ ಅವರು ಕರೆದರೆಂದು ನಾನು ಆಗಾಗ ಅಲ್ಲಿ ಊಟಕ್ಕೆ ಕೂರುತ್ತಿದ್ದೆ. ಅಜ್ಜ ಜೋಳದ ರೊಟ್ಟಿಯನ್ನು ತಾವೇ ತಟ್ಟುತ್ತಿದ್ದರು. ಆ ತಟ್ಟುವ ಸದ್ದಿಗೆ ಕೆಳಗಿನ ಮನೆಯವರು ಏನೋ ರಿಪೇರಿ ನಡೆಯುತ್ತಿದೆ ಎಂದು ಸೆಕ್ಯುರಿಟಿಗೆ ದೂರಿದ್ದೂ ಇದೆ. ಮೊಮ್ಮಗ ಬರುತ್ತಿದ್ದ, ಡಬ್ಬಿಯನ್ನು ಸಿಂಕಿಗೆ ಹಾಕುತ್ತಿದ್ದ, ಯಾವ ಯಂತ್ರ ಕೆಟ್ಟಿತು ಎಂದು ಒಂದು ವಾಕ್ಯದಲ್ಲಿ ಹೇಳುತ್ತಿದ್ದ. ಅಜ್ಜ "ಹೂಂ" ಎನ್ನುತ್ತಿದ್ದರು. ಇಬ್ಬರೂ ಟೀವಿಯ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ಅಜ್ಜನ ತಟ್ಟೆಯಲ್ಲಿ ರೊಟ್ಟಿ ಮುಗಿದದ್ದನ್ನು ಮೊಮ್ಮಗ ಟೀವಿ ನೋಡುತ್ತಲೇ ಹೇಗೋ ಕಂಡುಕೊಂಡು ಇನ್ನೊಂದನ್ನು ಹಾಕುತ್ತಿದ್ದ. ನಮ್ಮ ಸಿನಿಮಾದಲ್ಲಿ ಇದನ್ನು ತೋರಿಸಲು ಒಂದು ಹಾಡನ್ನೇ ಇಟ್ಟಿದ್ದೆವು.

ಸಾಯುವ ದೃಶ್ಯವನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ವಯಸ್ಸಾದವರಿಗೆ ಹೇಗೆ ಹೇಳುವುದು ಎಂದು ಸುತ್ತಿ ಬಳಸಿ ಶುರು ಮಾಡಿದೆ.

"ನಾ ಸಾಯ್ತೇನೇನು?" ಎಂದು ನೇರವಾಗಿ ಕೇಳಿದರು.

"ಹೂಂ ಅಜ್ಜ. ಕೊನೇಲಿ."

"ಛಲೋ ಆತು. ಯಾವತ್ತು ಮಾಡ್ತೀರಿ?"

"ಮುಂದಿನ ವಾರ, ಗುರುವಾರ ಅಂತ ಇದೆ."

"ಗುರುವಾರ ಬ್ಯಾಡ. ರವಿವಾರ ಮಾಡ್ರಿ. ಅವನಿಗೆ ಸೂಟಿ ಇರ್ತದ. ಅಂವ ಅಲ್ಲಿರಬೇಕು."

ಸಂಜೆ ಮೊಮ್ಮಗ ನನ್ನನ್ನು ಪಾರ್ಕಿಂಗಿನಲ್ಲಿ ಹಿಡಿದ. "ಸಾರ್, ಕಾಮಿಡಿ ಅಂದಿದ್ರಿ. ಸಾಯೋದು ಗೀಯೋದು ಬೇಡ ಸಾರ್. ಅವ್ರ್ ಎಲ್ಲೋ ಊರಿಗೆ ಹೋದ್ರು ಅಂತ ಮುಗಿಸ್ಬಿಡಿ." ಮುಖದಲ್ಲಿ ಕೋಪವಿರಲಿಲ್ಲ, ಬೈಕಿನ ಕೀಲಿಯನ್ನು ಮಾತ್ರ ಬೆರಳಿನಲ್ಲಿ ತಿರುಗಿಸುತ್ತಲೇ ಇದ್ದ. ನಾನು ನಿರ್ದೇಶಕನಿಗೆ ಹೇಳಿದೆ. ಅವನು, "ತಾತ ಸಾಯದೇ ಇದ್ರೆ ನನ್ನ ಸಿನಿಮಾನೇ ಸತ್ತೋಗುತ್ತೆ ಗುರು" ಎಂದ. ಅವನ ಮಟ್ಟಿಗೆ ಅದು ನಿಜವೇ ಆಗಿತ್ತು.

ಅಜ್ಜನಿಗೂ ಹೇಳಿದೆ. ಹುಡುಗನಿಗೆ ಇಷ್ಟವಿಲ್ಲ, ಬೇಕಿದ್ದರೆ ಅವನಿಲ್ಲದ ದಿನ ಬೇಗ ಮುಗಿಸಿಬಿಡೋಣ ಎಂದೆ. ಅವರು ಟೀ ಲೋಟ ಕೆಳಗಿಟ್ಟು, ಮೊದಲ ಬಾರಿ ಪ್ರಕಟಣೆಯ ದನಿ ಬಿಟ್ಟು ಮಾತಾಡಿದರು.

"ಅವರಪ್ಪ ಹೋದಾಗ ಅಂವ ಒಳಗ ಬರ್ಲಿಲ್ರೀ. ಮ್ಯಾಲೆ ನೀರಿನ ಟಾಕಿ ಐತಲ್ಲ, ಅದರ ಹಿಂದ ಹೋಗಿ ಕುಂತುಬಿಟ್ಟ. ಎಲ್ಲಾರೂ ಹೋಗಿ ಕರದ್ರು. ನಾನೂ ಹೋದೆ. ಬರ್ಲಿಲ್ಲ. ಅಪ್ಪನ ಮುಖ ನೋಡ್ಲಿಲ್ಲ, ಕೈ ಮುಗೀಲಿಲ್ಲ, ಮಣ್ಣಿಗೂ ಬರ್ಲಿಲ್ಲ. ಅವತ್ತಿನಿಂದ ಅದರ ಮಾತು ಆಡಿಲ್ಲ. ನಮ್ಮ ಮನ್ಯಾಗ ನಾವ್ ಇಬ್ರ. ನಾ ಹೋಗೋ ದಿವಸ ಅಂವ ಟಾಕಿ ಹಿಂದ ಕುಂತ್ರ, ಮನ್ಯಾಗ ಯಾರ್ ಇರ್ತಾರ್ರೀ?"

ಆಮೇಲೆ ಲೋಟ ಎತ್ತಿಕೊಂಡರು. "ಒಮ್ಮೆ ಸುಳ್ಳ ಸುಳ್ಳ ನೋಡ್ಲಿ. ರೂಢಿ ಆಗ್ಲಿ."

ಸಿನಿಮಾದಲ್ಲಿ ನಟಿಸಲು ಜನ ಏನೇನೋ ಕಾರಣ ಕೊಡುವುದನ್ನು ಕೇಳಿದ್ದೇನೆ. ಈ ಕಾರಣ ನನಗೆ ಹೊಸದು. ಅವರ ಮೇಲೆ ಅಂಥ ಮಮತೆಯೇನೂ ನನಗೆ ಅಲ್ಲಿಯವರೆಗೆ ಇರಲಿಲ್ಲ. ಕೆಲಸಕ್ಕೆ ಅಡ್ಡಿ ಮಾಡುವ ಮುದುಕರು ಎಂದೇ ಲೆಕ್ಕ ಹಾಕಿದ್ದೆ. ಅವತ್ತು ಮಾತ್ರ ಅವರ ಬಗ್ಗೆ ಗೌರವ ಹುಟ್ಟಿತು. ಭಾನುವಾರಕ್ಕೆ ಬದಲಾಯಿಸಿದೆ.

ಭಾನುವಾರ ಮೊದಲು ಆದದ್ದೇ ಎಡವಟ್ಟು. ನಿರ್ದೇಶಕ ಮಂಡ್ಯ ಕಡೆಯವನು. ತನ್ನ ಮನೆಯಲ್ಲಿ ಕಂಡಂತೆ ಹಾಲಿನ ನಡುವೆ ಚಾಪೆ ಹಾಸಿ, ತಲೆಯ ಬಳಿ ದೀಪವಿಟ್ಟು, ಅಜ್ಜನನ್ನು ಉದ್ದಕ್ಕೆ ಮಲಗಿಸಿ, ಮೇಲೆ ಬಿಳಿ ಬಟ್ಟೆ ಹೊದಿಸಿದ. ಹಣೆಯ ತುಂಬ ವಿಭೂತಿ ಧರಿಸಿದ್ದ ಅಜ್ಜ ಮಲಗಿದಲ್ಲಿಂದಲೇ ಕಣ್ಣುಬಿಟ್ಟರು.

"ಇದೇನ್ರೀ, ನನ್ನ ಮಲಗಿಸೀರಿ?"

"ಸಾರ್, ನೀವು ಸತ್ತಿದೀರ."

"ಸತ್ತೇನಿ, ಖರೆ. ನಿದ್ದಿ ಮಾಡಾಕ ಹತ್ತಿಲ್ಲ. ನಮ್ಮೊಳಗ ಸತ್ತವರನ್ನ ಕುಂದ್ರಸ್ತಾರ. ಕುಂದ್ರಿಸೇ ಪೂಜಾ, ಕುಂದ್ರಿಸೇ ಭಜನಿ, ಕುಂದ್ರಿಸೇ ಮಣ್ಣು. ನನ್ನ ಹಿಂಗ ಮಲಗಿಸಿದ್ದು ನೋಡಿದ್ರ ನಮ್ಮ ಊರಾಗ ಯಾರೂ ನಂಬಂಗಿಲ್ಲ, ನಾ ಸತ್ತೇನಿ ಅಂತ."

ಅರ್ಧ ದಿನದ ಬೆಳಕಿನ ಜೋಡಣೆ ಹಾಳಾಯಿತು. ಕ್ಯಾಮೆರಾಮನ್ ಹಲ್ಲು ಕಡಿದ. ಅಜ್ಜ ಎದ್ದು ನಿಂತು ಎಲ್ಲವನ್ನೂ ತಾವೇ ವಹಿಸಿಕೊಂಡರು. ಮೊಮ್ಮಗ ಆಗ ಹೊರಗೆ, ಲಿಫ್ಟಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದ. ಅಜ್ಜ ಮಾತಾಡಿದ್ದು ನಮ್ಮೊಂದಿಗೆ, ಮುಖ ಇದ್ದದ್ದು ಬಾಗಿಲ ಕಡೆಗೆ, ದನಿ ಇಡೀ ಮಹಡಿಗೆ ಕೇಳುವಷ್ಟಿತ್ತು.

"ಜೀವ ಹೋದ ಕೂಡಲೇ ಕುಂದ್ರಸ್ಬೇಕು. ತಡಾ ಮಾಡಿದ್ರ ಮೈ ಸೆಟದು ಹೋಗ್ತದ. ಆಮ್ಯಾಲೆ ಯಾರ್ ಹೇಳಿದ್ರೂ ಕುಂದ್ರಂಗಿಲ್ಲ. ಬೆನ್ನಿಗೆ ಗೋಡಿ, ಎರಡೂ ಕಡೆ ದಿಂಬು. ಕಾಲು ಮಡಚಿ ಹಾಕ್ಬೇಕು. ಎಡಗೈಯಾಗ ಲಿಂಗ. ತಲಿ ಮುಂದ ವಾಲತದ, ಅದಕ್ಕ ಹಣಿ ಮ್ಯಾಲಿಂದ ಒಂದು ವಸ್ತ್ರ ಸುತ್ತಿ ಹಿಂದ ಗೋಡಿ ಮೊಳಿಗೆ ಕಟ್ಟಬೇಕು. ಅದರ ಮ್ಯಾಲೆ ರುಮಾಲು ಸುತ್ತಿದ್ರ ಕಾಣಂಗಿಲ್ಲ."

ಕೊನೆಗೂ ಕೂತರು. ಶಾಲು, ರುಮಾಲು, ಹೂವಿನ ಹಾರ. ಸಿನಿಮಾದ ಮೊಮ್ಮಗನಾಗಿದ್ದ ನಟ ಬಂದು ಕಾಲ ಬಳಿ ಕುಸಿದು ಅಳಬೇಕು, ಅಜ್ಜ ಅಲುಗಾಡಬಾರದು. ಆ ನಟ ಚೆನ್ನಾಗಿ ಅತ್ತ. ಆದರೆ ಶಾಟಿನ ನಡುವೆ ಪ್ರತಿ ಸಲವೂ ಹೆಣ ಒಂದು ಕಣ್ಣು ತೆರೆಯುತ್ತಿತ್ತು.

"ಒಳಗ ಬಂದನೇನು?"

"ಇಲ್ಲ ಅಜ್ಜ. ಹೊರಗಡೇನೇ ಇದಾನೆ."

"ಹಂಗಾರ ಇನ್ನೊಮ್ಮೆ ಸಾಯ್ತೇನಿ."

ಯೂನಿಟ್ಟಿನವರು ಬಾಯಿಗೆ ಟವೆಲ್ಲು ತುರುಕಿಕೊಂಡು ನಕ್ಕರು. ಸಂಜೆಯಾಗುವ ಹೊತ್ತಿಗೆ ಹೇಗೋ ಒಂದು ಶಾಟ್ ಓಕೆ ಆಯಿತು.

ನಮ್ಮ ಸಿನಿಮಾದವರಲ್ಲಿ ಒಂದು ಪದ್ಧತಿ ಇದೆ. ಸಾಯುವ ದೃಶ್ಯ ಮುಗಿದ ಮೇಲೆ ಸತ್ತವರು ಕ್ಯಾಮೆರಾ ನೋಡಿ ಒಮ್ಮೆ ನಗಬೇಕು. ಆ ನಗುವನ್ನು ಹಿಡಿದುಕೊಂಡೇ ಕ್ಯಾಮೆರಾ ನಿಲ್ಲಿಸುತ್ತಾರೆ. ನಗದೇ ಎದ್ದು ಹೋದರೆ ಅಪಶಕುನ. ನಾನು ಇದನ್ನೆಲ್ಲ ನಂಬುವುದಿಲ್ಲ, ಆದರೆ ನಗಿಸದೆ ಯಾರನ್ನೂ ಕಳಿಸಿಯೂ ಇಲ್ಲ.

"ಅಜ್ಜ, ಮುಗೀತು. ಇಲ್ಲಿ ನೋಡಿ ಒಂದ್ಸಲ ನಗಿ" ಎಂದ ಕ್ಯಾಮೆರಾಮನ್.

ಅಜ್ಜ ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗಿತು. "ಅಂವ ಬಂದು ಹೇಳಲಿ. ನಗ್ತೇನಿ."

ನಿರ್ದೇಶಕ ಬೇಡಿಕೊಂಡ. ನಾನು ಬೇಡಿಕೊಂಡೆ. ಹಟ ಅಂದರೆ ಹಟ. ಲೈಟಿನವರು ದೀಪ ಆರಿಸಲು ಒಪ್ಪಲಿಲ್ಲ. ಅವರಲ್ಲಿ ಹಿರಿಯನೊಬ್ಬ ತಾನೇ ಹೊರಗೆ ಹೋಗಿ ಮೊಮ್ಮಗನ ಎದುರು ಕೈಮುಗಿದು ನಿಂತ. "ಬಾಪ್ಪ, ನಗ್ದೆ ಎದ್ರೆ ಒಳ್ಳೇದಲ್ಲ. ನಮಗಲ್ಲ, ಅವ್ರಿಗೆ."

"ಏಳು ಅನ್ನಿ. ನಾನು ಬರಲ್ಲ."

"ಏಳ್ತಿಲ್ವಲ್ಲಪ್ಪ."

ಅವನು ಬಾಗಿಲ ತನಕ ಬಂದ. ಚಪ್ಪಲಿ ಬಿಟ್ಟ. ಹೊಸ್ತಿಲಲ್ಲಿ ನಿಂತೇ, "ಅಜ್ಜ, ಸಾಕು. ಎಲ್ರೂ ಕಾಯ್ತಿದಾರೆ, ನಗು" ಎಂದ. ಅಜ್ಜ ಮಿಸುಕಲಿಲ್ಲ. ಎರಡು ಹೆಜ್ಜೆ ಒಳಗೆ ಬಂದ. "ಅಜ್ಜ, ತಮಾಷೆ ಸಾಕು." ಇಲ್ಲ. ಆಗ ನನಗೆ ಒಳಗೊಳಗೇ ಅಳುಕು ಶುರುವಾಯಿತು. ಮಧ್ಯಾಹ್ನದಿಂದ ಬಿಸಿ ಬೆಳಕಿನಲ್ಲಿ ಅಷ್ಟು ವಯಸ್ಸಾದವರು ಹಾಗೆ ಕೂತಿದ್ದಾರೆ, ನಿಜವಾಗಿಯೂ ಏನಾದರೂ ಆಗಿದ್ದರೆ? ಟವೆಲ್ಲು ಕಚ್ಚಿ ನಗುತ್ತಿದ್ದವರ ಮುಖಗಳೂ ಇಳಿದವು. ಹುಡುಗ ಮಂಡಿಯೂರಿ ಕೂತ. "ಅಜ್ಜ?" ಎಂದ. ಈ ಸಲ ದನಿ ಹೈಸ್ಕೂಲು ಹುಡುಗನದಾಗಿತ್ತು. ಬೆರಳನ್ನು ಅಜ್ಜನ ಮೂಗಿನ ಕೆಳಗೆ ಹಿಡಿದ.

ಅಜ್ಜ ಗಹಗಹಿಸಿ ನಕ್ಕುಬಿಟ್ಟರು. ರುಮಾಲು ಜಾರಿತು, ಕೋಣೆಯೆಲ್ಲ ಚಪ್ಪಾಳೆ. ಮೊಮ್ಮಗ ಮಾತ್ರ ನಗಲಿಲ್ಲ. ಕೈ ಹಿಂದಕ್ಕೆಳೆದುಕೊಂಡು ಎದ್ದ, ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲಿಳಿದು ಬೈಕು ಹತ್ತಿ ಹೋದ.

ಬಹಳ ದಿನ ಅವನು ಅಜ್ಜನೊಂದಿಗೆ ಮಾತು ಬಿಟ್ಟಿದ್ದ. ರೊಟ್ಟಿ ಹಾಕುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅಜ್ಜನಿಗೆ ಪಶ್ಚಾತ್ತಾಪ ಇದ್ದಂತೆ ಕಾಣಲಿಲ್ಲ. "ಸಿಟ್ಟು ಬಂತಲ್ಲ, ಛಲೋ. ಒಳಗ ಬಂದನಲ್ಲ, ಇನ್ನೂ ಛಲೋ" ಎಂದರು.

ಸಿನಿಮಾಕ್ಕೆ ಥಿಯೇಟರ್ ಸಿಗಲಿಲ್ಲ. ಕೊನೆಗೆ ಅದೇ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಪರದೆ ಕಟ್ಟಿ ನಿವಾಸಿಗಳಿಗೆ ತೋರಿಸಿದೆವು. ಮೊದಲರ್ಧಕ್ಕೆ ಜನ ಬಿದ್ದು ಬಿದ್ದು ನಕ್ಕರು. ಸಾಯುವ ದೃಶ್ಯ ಬರುತ್ತಿದ್ದಂತೆ ಮೊಮ್ಮಗ, ಫೋನ್ ಬಂತು ಎಂದು ಎದ್ದು ಹೊರಗೆ ಹೋದ. ಫೋನು ಕುರ್ಚಿಯ ಮೇಲೇ ಇತ್ತು. ಅಜ್ಜ ಅದನ್ನು ನೋಡಿದರು. ಪರದೆಯ ಮೇಲೆ ತಾವು ಸತ್ತು ಕೂತಿದ್ದರೂ ಅವರ ಗಮನ ಪೂರ್ತಿ ಆ ಫೋನಿನ ಮೇಲಿತ್ತು. ಸಿನಿಮಾ ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಒಂದರಾಗ ಮುಗಿಯಂಗಿಲ್ರೀ ಇದು. ಇನ್ನೊಂದು ಸಿನಿಮಾ ಮಾಡ್ರಿ. ಅದ್ರಾಗೂ ನನ್ನ ಸಾಯಿಸ್ರಿ" ಎಂದರು. ಸುತ್ತಲಿದ್ದವರು ನಕ್ಕರು. ಅವರು ನಗಲಿಲ್ಲ. ಅವರ ಕಣ್ಣಿನಲ್ಲಿ ಭಯವಿತ್ತು, ಅದು ಸಾವಿನದ್ದಲ್ಲ ಎಂದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ.

ಇನ್ನೊಂದು ಸಿನಿಮಾ ಆಗಲಿಲ್ಲ. ನಿರ್ದೇಶಕ ಮತ್ತೆ ಪೀಣ್ಯ ಸೇರಿದ. ನಾನು ಬೇರೆಯವರ ಕನಸುಗಳಿಗೆ ಊಟ ತರಿಸುತ್ತಾ ಉಳಿದೆ. ಆ ಕಡೆ ಕೆಲಸವಿದ್ದರೆ ಅವರ ಮನೆಗೆ ಹೋಗಿಬರುತ್ತಿದ್ದೆ. ಅಜ್ಜನ ದನಿ ಕ್ರಮೇಣ ತಗ್ಗುತ್ತಾ ಬಂತು. ಪ್ರಕಟಣೆಗಳು ಚಿಕ್ಕವಾದವು. ಆಸ್ಪತ್ರೆಗೆ ಹೋಗುವಾಗಲೂ ಮೊಮ್ಮಗನ ಬೈಕಿನಲ್ಲಿ ಹಿಂದೆ ಕೂತು, "ನಾರಾಯಣಘಟ್ಟ ಮಾರ್ಗವಾಗಿ" ಎಂದು ಮೆಲ್ಲಗೆ ಹೇಳುತ್ತಿದ್ದರಂತೆ.

ಹೋದ ತಿಂಗಳು ಬೆಳಿಗ್ಗೆ ಮೊಮ್ಮಗನ ಫೋನು ಬಂತು. "ಸಾರ್, ಅಜ್ಜ ಹೋದ್ರು." ಅಷ್ಟೇ ಹೇಳಿ ಇಟ್ಟ.

ನನ್ನ ಮನೆ ಚಿಕ್ಕಬಾಣಾವರದಲ್ಲಿ. ಅಲ್ಲಿಂದ ಚಂದಾಪುರ ಎಂದರೆ ಊರಿನ ಈ ತುದಿಯಿಂದ ಆ ತುದಿ. ಮೇಲ್ಸೇತುವೆಯ ಮೇಲೆ ಗಾಡಿಗಳ ನಡುವೆ ನಿಂತು ನಿಂತು ಸಾಗುವಾಗ ನನಗೆ ಅಜ್ಜನ ಚಿಂತೆ ಬರಲಿಲ್ಲ. ಅವರದ್ದು ಮುಗಿದಿತ್ತು. ಹುಡುಗ ಎಲ್ಲಿದ್ದಾನೆ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಗೇಟಿನೊಳಗೆ ಬಂದವನೇ ಮೊದಲು ತಾರಸಿಯ ಕಡೆ ನೋಡಿದೆ. ನೀರಿನ ಟ್ಯಾಂಕು ಕಂಡಿತು, ಅದರ ಹಿಂದೆ ಏನಿದೆ ಎಂದು ಕೆಳಗಿನಿಂದ ಕಾಣುವುದಿಲ್ಲ.

ಕೆಳಗೆ ಅಪಾರ್ಟ್‌ಮೆಂಟಿನ ನಾಲ್ಕಾರು ಹಿರಿಯರು ಸೇರಿದ್ದರು. ಊರಿನ ನೆಂಟರು ಬರುವುದು ಸಂಜೆಯಾಗುತ್ತದೆ, ಫ್ರೀಜರ್ ಬಾಕ್ಸ್ ತರಿಸಿದ್ದೇವೆ, ಬೇಡ, ವಾಪಸ್ ಕಳಿಸಿ ಅಂತಿದಾನೆ ಹುಡುಗ, ನೀವಾದ್ರೂ ಹೇಳಿ ಸಾರ್ ಎಂದರು. ನಾನು ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದಿತ್ತು. ಹಾಲಿನ ಗೋಡೆಗೆ ಬೆನ್ನು ಕೊಟ್ಟು ಅಜ್ಜ ನೆಟ್ಟಗೆ ಕೂತಿದ್ದರು. ಶಾಲು ಎಲ್ಲೂ ಸುಕ್ಕಾಗಿರಲಿಲ್ಲ. ತಲೆ ವಾಲಿರಲಿಲ್ಲ. ಅವರ ಪಕ್ಕದಲ್ಲಿ, ಶಾಲಿಗೆ ಭುಜ ತಾಗುವಷ್ಟು ಹತ್ತಿರ, ಮೊಮ್ಮಗ ಕೂತಿದ್ದ. ಬಂದವರಿಗೆ ಎಲ್ಲಿ ಕೈಮುಗಿಯಬೇಕು, ಎಲ್ಲಿ ಕೂರಬೇಕು ಎಂದು ತೋರಿಸುತ್ತಿದ್ದ. ನಾನು ಕೈಮುಗಿದೆ. ಅವನು ತೋರಿಸಿದಲ್ಲಿ ಕೂತು, ಊರಿನಿಂದ ಯಾರಾದರೂ ಆಗಲೇ ಬಂದಿದ್ದಾರಾ, ಸ್ವಾಮಿಗಳು ಬಂದು ಕೂರಿಸಿದರಾ ಎಂದು ಕೇಳಿದೆ.

"ಯಾರೂ ಬಂದಿರ್ಲಿಲ್ಲ ಸಾರ್" ಎಂದ. "ಟೀ ತಗೊಂಡ್ ಹೋದೆ, ಏಳ್ಲಿಲ್ಲ. ಮೈ ಇನ್ನೂ ಬಿಸಿ ಇತ್ತು. ಆಮೇಲೆ ಕೂರಲ್ವಲ್ಲ, ಅದಕ್ಕೆ ನಾನೇ ಎತ್ಕೊಂಡ್ ಬಂದು ಕೂರ್ಸಿದೆ." ಅಜ್ಜನ ಮಂಡಿಯ ಮೇಲಿನ ಶಾಲನ್ನು ಸರಿಮಾಡಿದ. "ಕೂರ್ಸಿ, ಸ್ವಲ್ಪ ಹೊತ್ತು ಇಬ್ರೇ ಇದ್ವಿ. ಆಮೇಲೆ ನಿಮಗೆಲ್ಲ ಫೋನ್ ಮಾಡ್ದೆ."